ಬೇವಿನ ಸಿಂಬಿ

ಹುಣಸಗಿ
2 ಡಿಸೆಂಬರ್ 2024

ಪ್ರೀತಿಯ ಗುರುದೇವಿ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಆರು ತಿಂಗಳಾಗುತ್ತ ಬಂತು. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ಹರಿದು ಬಿಸಾಡುವ ಮೊದಲು ಒಂದು ಸಲ ಓದು ಮಾರಾಯ್ತಿ.

ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ, ನಿಮ್ಮಿಬ್ಬರಲ್ಲಿ ಒಬ್ಬರು ಬೇರೆ ಕಡೆ ಹೋಗಬೇಕು ಎಂದು ಇಲಾಖೆಯ ಸಾಹೇಬರು ಬಂದು ಕೇಳಿದ ದಿನ ನೀನು ರಜೆಯಲ್ಲಿದ್ದೆ. "ಗುರುದೇವಿಯ ತಾಯಿ ಯಾದಗಿರಿಯಲ್ಲಿ ಹಾಸಿಗೆ ಹಿಡಿದಿದ್ದಾರೆ, ಅವಳಿಗೆ ಅಲ್ಲಿಗೆ ಹೋಗುವ ಮನಸ್ಸುಂಟು" ಎಂದು ನಾನು ಹೇಳಿಬಿಟ್ಟೆ. ನಿನಗೆ ಒಳ್ಳೆಯದಾಗಲಿ ಎಂದೇ ಹೇಳಿದೆ. ನಿನ್ನ ಅಣ್ಣನ ಮನೆಯ ಮೂಲೆಯ ಕೋಣೆಗೆ, ಅತ್ತಿಗೆಯ ಮುಖ ನೋಡಿಕೊಂಡು ಇರುವುದಕ್ಕೆ ನಿನ್ನನ್ನು ಕಳಿಸುತ್ತಿದ್ದೇನೆ ಎಂದು ನನಗೆ ಹೊಳೆಯಲಿಲ್ಲ. ನಿನ್ನನ್ನು ಕೇಳದೆ ಬಾಯಿ ಬಿಟ್ಟದ್ದು ನನ್ನದೇ ತಪ್ಪು. ಅದನ್ನು ಈಗ ಬರವಣಿಗೆಯಲ್ಲೇ ಒಪ್ಪಿಕೊಳ್ಳುತ್ತೇನೆ.

ನೀನು ಹೋದ ಮೇಲೆ, ನಾವಿಬ್ಬರೂ ಕೂಡಿ ಇದ್ದ ಇದೇ ಮನೆಯಲ್ಲಿ ಒಬ್ಬಳೇ ಇದ್ದೇನೆ. ಈ ಸಲ ಕ್ರಿಸ್‌ಮಸ್‌ಗೆ ಊರಿಗೆ ಹೋಗುವುದಿಲ್ಲ. ನಾಲ್ಕು ವರ್ಷದಿಂದ ಓಣಿಯವರು ತಮ್ಮ ಹಬ್ಬಕ್ಕೆಲ್ಲ ನನಗೆ ಹೋಳಿಗೆ, ಶೀರಖುರ್ಮಾ ತಂದು ಕೊಟ್ಟಿದ್ದಾರೆ. ಅವರನ್ನೆಲ್ಲ ಇಪ್ಪತ್ತನಾಲ್ಕರ ಸಂಜೆ ಮನೆಗೆ ಕರೆದು ನಮ್ಮ ಕಡೆಯ ತಿಂಡಿ ಕೊಡಬೇಕೆಂದಿದ್ದೇನೆ. ಅಂಗಡಿಯ ಪ್ಲಾಸ್ಟಿಕ್ ಹಸಿರು ನನಗೆ ಬೇಡ. ಇಲ್ಲಿನ ಹೊಲದಲ್ಲಿ ಏನು ಸಿಗುತ್ತದೋ ಅದರಿಂದಲೇ ಎಲ್ಲವನ್ನೂ ಕೈಯಾರೆ ಮಾಡುತ್ತಿದ್ದೇನೆ. ಬಿರಿದ ಹತ್ತಿಕಾಯಿ, ಜೋಳದ ದಂಟು, ಭತ್ತದ ಹುಲ್ಲು, ಇಷ್ಟೂ ಕೂಡಿಟ್ಟಾಯಿತು. ಬಾಗಿಲಿಗೆ ತೂಗುಹಾಕುವ, ದೊಡ್ಡ ಬಳೆಯಂಥ ಹಸಿರು ಹಾರಕ್ಕೆ ಮಾತ್ರ ಎಲೆ ಸಿಗುತ್ತಿಲ್ಲ. ನಮ್ಮಲ್ಲಿ ಗಾಳಿಮರದ ಸೊಪ್ಪು ಕಟ್ಟುತ್ತಾರೆ. ಇಲ್ಲಿ ಯಾವ ಎಲೆ ಕಟ್ಟಿದರೆ ಚೆಂದ, ನೀನು ಹೇಳು. ನಿನ್ನ ಊರಿನ ಗಿಡಗಳು ನಿನಗಲ್ಲದೆ ಯಾರಿಗೆ ಗೊತ್ತು?

ಆ ಸಂಜೆ ನೀನು ಬಂದರೆ ನನಗೆ ಬೇರೆ ಹಬ್ಬವೇ ಬೇಡ.

ನಿನ್ನವಳೇ ಆದ
ಸೆವ್ರಿನ್

(ಓಣಿಯವರ ಬಾಯಲ್ಲಿ ನಾನು ಇವತ್ತಿಗೂ 'ಸೇವಂತಿ ಟೀಚರ್'.)

*

ಯಾದಗಿರಿ
7 ಡಿಸೆಂಬರ್ 2024

ಸೆವ್ರಿನ್ ಟೀಚರ್ ಅವರಿಗೆ,

ಕಾಗದ ಮುಟ್ಟಿತು. ಎಲೆ ಕೇಳಿದ್ದೀರಿ. ಬೇವಿನ ತಪ್ಪಲ ಕಟ್ಟಿರಿ. ಗೊಂಚಲು ಗೊಂಚಲಾಗಿ, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಕಟ್ಟಿರಿ. ಕೆಂಪು ಬೇಕಾದರೆ ನಡುನಡುವೆ ಒಣಮೆಣಸಿನಕಾಯಿ ಸಿಗಿಸಿರಿ. ಒಳ್ಳೆ ಒಪ್ಪುತ್ತದೆ.

ನನಗೆ ಬರಲು ಆಗುವುದಿಲ್ಲ.

ಇತಿ
ಗುರುದೇವಿ

*

ಹುಣಸಗಿ
15 ಡಿಸೆಂಬರ್ 2024

ಪ್ರೀತಿಯ ಗುರುದೇವಿ,

ನಿನ್ನ ಕಾರ್ಡು ಬಂದ ದಿನ ನಾನು ತರಗತಿಯಲ್ಲಿ ಮಕ್ಕಳನ್ನು ಒಂದು ಗದರಿಕೆಯೂ ಇಲ್ಲದೆ ಬಿಟ್ಟೆ. 'ಅವರಿಗೆ', 'ಕಟ್ಟಿರಿ' ಎಂದು ಬಹುವಚನದಲ್ಲಿ ಹೊಡೆದಿದ್ದೀಯ. ಸಿಟ್ಟು ಇನ್ನೂ ಇಳಿದಿಲ್ಲ ಎಂದು ಗೊತ್ತಾಯಿತು. ಆದರೂ ಬರೆದೆಯಲ್ಲ, ಅಷ್ಟು ಸಾಕು.

'ತಪ್ಪಲ' ಓದಿ ಮತ್ತೆ ನಗು ಬಂತು. ಮೊದಲ ವರ್ಷ ನೀನು "ಮೆಂತೆ ತಪ್ಪಲ ತೊಗೊಂಡು ಬಾ" ಅಂದಾಗ, ಮೆಂತೆ ಬೆಳೆಯುವ ಬೆಟ್ಟದ ತಪ್ಪಲು ಎಲ್ಲುಂಟು ಎಂದು ನಾನು ಕೇಳಿದ್ದು ನೆನಪಿದೆಯಾ? ಸೊಪ್ಪಿಗೆ ತಪ್ಪಲ ಅನ್ನುವ ಊರನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಕೆಲಸ ಜೋರಾಗಿ ಸಾಗಿದೆ. ಜೋಳದ ದಂಟನ್ನು ಸೀಳಿ, ಒಳಗಿನ ಬೆಂಡು ತೆಗೆದು, ಸಿಪ್ಪೆಯನ್ನು ಹೆಣೆದು ಐದು ಮೂಲೆಯ ನಕ್ಷತ್ರ ಮಾಡಿದೆ. ಬೆಂಡಿನಿಂದ ಗೋದಲಿಯ ಹಸು, ಕುರಿ, ಒಂದು ಕತ್ತೆ. ಕತ್ತೆ ನೋಡಿದರೆ ನಮ್ಮ ಹೆಡ್‌ಮಾಸ್ಟರ್ ನೀಲಕಂಠ ಸರ್ ಹಾಗೇ ಕಾಣುತ್ತದೆ, ಯಾರಿಗೂ ಹೇಳಬೇಡ. ಹತ್ತಿಕಾಯಿಗಳನ್ನು ದಾರದಲ್ಲಿ ಪೋಣಿಸಿ ಕಿಟಕಿಗೆ ಬಿಟ್ಟಿದ್ದೇನೆ, ಹಿಮ ಬಿದ್ದಂತಿದೆ. ಬಾಗಿಲಿನ ಬಳೆಗೆ ಹತ್ತಿಗಿಡದ ಕಡ್ಡಿಗಳನ್ನು ನೆನೆಸಿ ಬಗ್ಗಿಸಿ, ಭತ್ತದ ಹುಲ್ಲು ಸುತ್ತಿದೆ. ಹಾಲು ಕೊಡುವ ಪಕ್ಕದ ಮನೆಯ ಮಲಕಮ್ಮ ನೋಡಿ, "ಇದೇನ್ರೀ ಟೀಚರ, ಇಷ್ಟು ದೊಡ್ಡ ಸಿಂಬಿ? ಇದರ ಮ್ಯಾಲ ಯಾವ ಕೊಡಾ ಇಡ್ತೀರಿ?" ಅಂದಳು. ತಲೆಯ ಮೇಲೆ ಕೊಡ ಹೊರುವವರ ಸಿಂಬಿಯ ಹಾಗೇ ಇದೆ, ನಿಜ. ಈಗ ಓಣಿಯಲ್ಲಿ ಅದಕ್ಕೆ ಸಿಂಬಿ ಎಂದೇ ಹೆಸರು.

ಬೇವನ್ನು ಈಗಲೇ ಕಟ್ಟಿದರೆ ಬಾಡುತ್ತದೆ. ಇಪ್ಪತ್ತೆರಡು ಭಾನುವಾರ, ಅಂದು ಹಸಿ ಬೇವು ಕಿತ್ತು ಕಟ್ಟುತ್ತೇನೆ. ಮೆಣಸಿನಕಾಯಿ ಆರಿಸಿಟ್ಟಿದ್ದೇನೆ.

ಬರುವುದಿಲ್ಲ ಅಂದಿದ್ದೀಯ. ಇರಲಿ, ನಿನ್ನ ಪಾಲಿನದನ್ನು ಡಬ್ಬಿಯಲ್ಲಿ ತೆಗೆದಿಟ್ಟಿರುತ್ತೇನೆ.

ಪ್ರೀತಿಯಿಂದ
ಸೆವ್ರಿನ್

*

ಯಾದಗಿರಿ
26 ಡಿಸೆಂಬರ್ 2024

ಸೆವ್ರಿನ್,

ಈಗ ಸಮಾಧಾನವಾಯಿತೇ?

ನಿನ್ನೆ ಬೆಳಿಗ್ಗೆ ಹಟ ಬಿಟ್ಟು, ನಾಚಿಕೆ ಬಿಟ್ಟು, ನಿನ್ನ ನಂಬರನ್ನು ಬ್ಲಾಕಿನಿಂದ ತೆಗೆದೆ. ಹಬ್ಬದ ದಿನ ಒಂದು ಮಾತಾಡೋಣ ಎಂದು ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಚರ್ಚಿಗೆ ಹೋಗಿರಬಹುದು ಎಂದು ಮಧ್ಯಾಹ್ನ ಹಚ್ಚಿದೆ. ಸಂಜೆ ಹಚ್ಚಿದೆ. ನೀನು ಎತ್ತಲಿಲ್ಲ. ಇವತ್ತು ಹಚ್ಚಿದರೆ ಸ್ವಿಚ್ ಆಫ್. ಭೇಷ್! ಸೇಡು ತೀರಿಸಿಕೊಳ್ಳುವುದು ನಿನಗೂ ಬರುತ್ತದೆ ಎಂದಾಯಿತು. ಅತ್ತಿಗೆ ನನ್ನ ಮುಖ ನೋಡಿ, "ಯಾರವಾ ಅಕಿ, ಇಷ್ಟು ಸೊಕ್ಕಿನಾಕಿ?" ಅಂದಳು.

ಒಂದು ಮಾತು ಹೇಳಬೇಕಿತ್ತು. ಬಾಗಿಲಿಗೆ ಬೇವು ಕಟ್ಟಿದ್ದರೆ ತೆಗೆದುಹಾಕು. ಈ ಕಾಗದ ಕೈಗೆ ಬಂದ ತಕ್ಷಣ ತೆಗೆ. ಯಾಕೆ ಏನು ಎಂದು ಕೇಳಬೇಡ, ಸಿಕ್ಕಾಗ ಹೇಳುತ್ತೇನೆ.

ಗುರುದೇವಿ

*

ಯಾದಗಿರಿ
29 ಡಿಸೆಂಬರ್ 2024

ಸೆವ್ರಿನ್,

ಅಯ್ಯೋ ನನ್ನವ್ವ, ಏನಾಗಿಹೋಯಿತು ಇದು!

ಉದ್ಯಾವರದ ನಿನ್ನ ಅಕ್ಕನ ವಿಳಾಸವನ್ನು ನೀಲಕಂಠ ಸರ್ ಕೊಟ್ಟರು. ಅದಕ್ಕೇ ಬರೆಯುತ್ತಿದ್ದೇನೆ. ಅವರು ಶುಕ್ರವಾರ ಫೋನ್ ಮಾಡಿ, "ಸೆವ್ರಿನ್ ಟೀಚರು ಬಚ್ಚಲದಾಗ ಕಾಲ ಜಾರಿ ಬಿದ್ದು ಎರಡು ದಿನಾ ಅಲ್ಲೇ ಇದ್ದರಂತ್ರೀ. ಇವತ್ತ ಬಾಗಲಾ ಮುರದು ತಗದಾರ" ಎಂದರು. ಇನ್ನೊಮ್ಮೆ ಹೇಳಿರಿ ಎಂದೆ. ಅವರು ಇನ್ನೊಮ್ಮೆ ಹೇಳಿದರು. ಆಗಲೂ ನನ್ನ ತಲೆಗೆ ಹೋಗಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಸುರಪುರಕ್ಕೆ ಹೋದೆ. ಆಸ್ಪತ್ರೆಯಲ್ಲಿ ನಿನ್ನ ಮಂಚ ಖಾಲಿಯಿತ್ತು. ಸೊಂಟದ ಎಲುಬು ಮುರಿದಿದೆ, ನಿನ್ನ ತಮ್ಮ ಬಂದು ಆಂಬುಲೆನ್ಸಿನಲ್ಲಿ ಊರ ಕಡೆ ಕರೆದುಕೊಂಡು ಹೋದ ಎಂದರು. ಅಲ್ಲಿ ನಿಂತು ಮಾಡುವುದೇನು? ಹುಣಸಗಿ ಬಸ್ಸು ಹತ್ತಿದೆ.

ನಮ್ಮ ಓಣಿ, ನಮ್ಮ ಮನೆ. ಬಾಗಿಲ ಚಿಲಕ ಮುರಿದು ಜೋತುಬಿದ್ದಿತ್ತು. ಮೇಲೆ ನಿನ್ನ ಬೇವಿನ ಸಿಂಬಿ. ಒಂದೊಂದು ಗೊಂಚಲನ್ನೂ ಹತ್ತಿಯ ಹುರಿಯಿಂದ ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದೀ! ಮೆಣಸಿನಕಾಯಿಗಳ ತೊಟ್ಟು ಎಲ್ಲ ಒಂದೇ ದಿಕ್ಕಿಗೆ. ಕೆಳಗೆ ಹೊಸ್ತಿಲ ಮುಂದೆ ಹಾಲಿನ ತಂಬಿಗೆ, ಎಳನೀರು, ಹುಳಿತು ಹೋದ ಮೊಸರನ್ನ, ಅರಿಸಿನ ಕುಂಕುಮ, ಹಸಿರು ಗಾಜಿನ ಬಳೆ. ಅದರ ಪಕ್ಕದಲ್ಲಿ ಬನ್ನಿ ತಪ್ಪಲದ ದೊಡ್ಡದೊಂದು ಗುಂಪೆ.

ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. ನಮ್ಮ ಕಡೆ ಬಾಗಿಲಿಗೆ ಬೇವು ಕಟ್ಟಿದರೆ ಆ ಮನೆಗೆ ಅಮ್ಮ ಬಂದಿದ್ದಾಳೆ ಎಂದು ಅರ್ಥ. ಸೀತಾಳೆ ಸಿಡುಬು ಎದ್ದವರ ಮನೆ. ಯಾರೂ ಒಳಗೆ ಕಾಲಿಡುವುದಿಲ್ಲ, ಬಾಗಿಲು ಬಡಿಯುವುದಿಲ್ಲ, ಹೆಸರು ಹಿಡಿದು ಕೂಗುವುದಿಲ್ಲ. ತಂಪು ಪದಾರ್ಥ ಹೊಸ್ತಿಲಿಗಿಟ್ಟು ಕೈ ಮುಗಿದು ಹೋಗುತ್ತಾರೆ. ಇಪ್ಪತ್ತನಾಲ್ಕಕ್ಕೆ ನಿನ್ನ ಮನೆಗೆ ಹೊರಟ ಶಾಲೆಯ ಮಕ್ಕಳು ಬೇವು ಕಂಡು ತಿರುಗಿ ಹೋಗಿ ನೀಲಕಂಠ ಸರ್‌ಗೆ ಹೇಳಿವೆ. ಅವರು ನಿನ್ನ ಹೆಸರಿಗೆ ರಜೆ ಹಾಕಿ ಸುಮ್ಮನಾಗಿದ್ದಾರೆ.

"ಮಲಕಮ್ಮ, ಬೇವು ಸರಿ, ಇದ್ಯಾಕ ಬನ್ನಿ?" ಎಂದು ಕೇಳಿದೆ.

"ಅಮ್ಮನೇ ಕೇಳಿದ್ಲ್ರೀ. ಹಾಲ ಇಡಾಕ ಹೋದಾಗ ಒಳಗಿಂದ 'ಬನ್ನಿ, ಬನ್ನಿ' ಅಂತ ದನಿ ಬರಾಕತ್ತಿತ್ತು. ಎಂಥಾ ದನಿ ಅಂತೀರಿ! ಟೀಚರ ದನಿ ಅಲ್ಲೇ ಅಲ್ಲ ಅದು. ಮೈಯಾಗಿನ ಕೂದಲೆಲ್ಲ ನಿಂತ್ವು. ಓಣಿ ಹೆಣ್ಣಮಕ್ಕಳೆಲ್ಲಾ ಕೂಡಿ ಹೋಗಿ ಬನ್ನಿ ತಂದು ಇಟ್ಟೀವಿ. 'ಕೇಳಿದ್ದು ತಂದೀವಿ ತಾಯಿ, ತಣ್ಣಗ ಹೋಗವ್ವ' ಅಂದೀವಿ."

ಸೆವ್ರಿನ್, ಇಲ್ಲಿ ಒಳಗೆ ಕರೆಯುವವರು 'ಬರ್ರಿ' ಅನ್ನುತ್ತಾರೆ. ಬನ್ನಿ ಎಂದರೆ ದಸರೆಗೆ ಕೈಯಿಂದ ಕೈಗೆ ಕೊಡುವ ಆ ಎಲೆ, ಅದೊಂದೇ. ನೀನು ಜನರನ್ನು ಕರೆದೆ. ಅವರು ಓಡಿ ಹೋಗಿ ಎಲೆ ತಂದರು. ಅಲ್ಲೇ ಕಟ್ಟೆಯ ಮೇಲೆ ಕೂತು ನಾನು ಎಷ್ಟು ಅತ್ತೆನೆಂದರೆ, ಮಲಕಮ್ಮ ಗಾಬರಿಯಾಗಿ ನನಗೂ ಕುಂಕುಮ ಹಚ್ಚಿದಳು.

ಬಾಗಿಲು ತೆಗೆಸಿದ್ದು ಎದುರು ಮನೆಯ ಚಮನಬೀ. "ಅರೆ ಬೇಟಿ, ನಾನೂ ಎರಡು ದಿನಾ ಸುಮ್ಮನ ಇದ್ದೆ. ಆಮ್ಯಾಲ ನೋಡ್ತೀನಿ, ಬೇವು ಒಣಗಿ ಮುರುಟ್ಯಾದ. ಅಮ್ಮ ಬಂದ ಮನ್ಯಾಗ ದಿನಾ ಹಸೀದು ಕಟ್ಟತಾರ. ಇಲ್ಲಿ ಕಟ್ಟೋರು ಯಾರೂ ಇಲ್ಲ ಅಂದ್ರ ಪಾಪ, ಟೀಚರ ಒಬ್ಬಾಕಿನೇ ಬಿದ್ದಾಳ ಅನಿಸ್ತು. ಸುಲ್ತಾನಸಾಬಗ ಬಾಗಲಾ ಮುರ್ಯಾಕ ಹಾರಿ ತೊಗೊಂಡು ಬಾ ಅಂದೆ. 'ಅಮ್ಮ ಸಿಟ್ಟಾಗ್ತಾಳ' ಅಂತ ಹೆಣ್ಣಮಕ್ಕಳು ಅಡ್ಡ ನಿಂತ್ರು. ಸಿಟ್ಟಾದ್ರ ನನ್ನ ಮ್ಯಾಲ ಆಗಲಿ, ಸರೀರಿ ಅಂದೆ" ಎಂದಳು. ಸುಲ್ತಾನಸಾಬ ಆಕೆಯ ಮಗ, ನಿನಗೆ ಗೊತ್ತಲ್ಲ. ಅವನೇ ನಿನ್ನನ್ನು ಚಾದರದಲ್ಲಿ ಎತ್ತಿ ಆಟೋಗೆ ಹಾಕಿದ್ದು.

ಸಿಂಬಿಯನ್ನು ನಾನು ಇಳಿಸಿದೆ. ಒಣಗಿದ ಎಲೆ ಮೈಮೇಲೆಲ್ಲ ಉದುರಿದವು.

ಹೇಗಿದ್ದೀ? ಒಂದು ಸಾಲು ಬರೆ. ಬರೆಯಲಾಗದಿದ್ದರೆ ಬೇರೆಯವರಿಂದ ಬರೆಸು.

ಗುರುದೇವಿ

*

ಉದ್ಯಾವರ
14 ಜನವರಿ 2025

ಪ್ರೀತಿಯ ಗುರುದೇವಿ,

ಇದು ನನ್ನದೇ ಅಕ್ಷರ. ಮಲಗಿ ಬರೆದದ್ದರಿಂದ ವಕ್ರವಾಗಿದೆ. ಆಪರೇಷನ್ ಆಯಿತು, ಸೊಂಟಕ್ಕೆ ಸ್ಟೀಲು ಹಾಕಿದ್ದಾರೆ. ಎಡಗಾಲು ಸ್ವಲ್ಪ ಗಿಡ್ಡವಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಜೀವಕ್ಕೆ ಭಯವಿಲ್ಲ.

ನೀನು ಬರೆದದ್ದು ಓದಿದ ಮೇಲೆ ನನಗೆ ಆ ಎರಡು ದಿನ ಮತ್ತೆ ಬೇರೆಯೇ ಆಗಿ ಕಾಣಲು ಶುರುವಾಯಿತು. ಇಪ್ಪತ್ತನಾಲ್ಕರ ಸಂಜೆ ತಟ್ಟೆ ತುಂಬ ನಮ್ಮ ಕಡೆಯ ತಿಂಡಿ, ನೆವ್ರಿ, ಕೇಕು, ಕಿಡಿಯೊ ಎಲ್ಲ ಜೋಡಿಸಿ ಕೂತಿದ್ದೆ. ಯಾರೂ ಬರಲಿಲ್ಲ. ಕಿಟಕಿಯಿಂದ ಮಕ್ಕಳು ಓಣಿಯ ತುದಿಯಲ್ಲಿ ನಿಂತು ಬಾಗಿಲು ನೋಡಿ ಹಿಂದೆ ಹೋದದ್ದು ಕಂಡಿತು. ಕಿರಿಸ್ತಾನರ ಮನೆ ಎಂದು ತಾಯಂದಿರು ಬೇಡ ಅಂದಿರಬೇಕು ಎಂದುಕೊಂಡೆ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಹಾಗೆ ಅನಿಸಿತು ಗುರುದೇವಿ. ಆ ಜನರ ಬಗ್ಗೆ ಎಷ್ಟು ಕೆಟ್ಟದಾಗಿ ಯೋಚಿಸಿದೆ! ತಟ್ಟೆ ಮುಚ್ಚಿಟ್ಟು, ಉಣ್ಣದೆ ಮಲಗಿದೆ.

ಬೆಳಿಗ್ಗೆ ಸುರಪುರದ ಚರ್ಚಿಗೆ ಹೊರಡಲು ಸ್ನಾನಕ್ಕೆ ಹೋದೆ, ಜಾರಿದೆ. ಬಿದ್ದಾಗ ನೋವಿಗಿಂತ ಮೊದಲು ಸದ್ದು ಕೇಳಿಸಿತು. ಏಳಲು ಆಗಲಿಲ್ಲ. ಬಕೆಟ್ಟು ಕೈಗೆ ಸಿಗುವಂತಿತ್ತು, ಆ ನೀರಿನಿಂದಲೇ ಉಳಿದೆ. ಹೊರಕೋಣೆಯ ಮೇಜಿನ ಮೇಲಿದ್ದ ಫೋನು ಬಡಕೊಳ್ಳುತ್ತಿತ್ತು. ನಿನ್ನದು ಎಂದು ಆಗ ಗೊತ್ತಿರಲಿಲ್ಲ. ಯಾರೇ ಆಗಲಿ, ಎತ್ತದಿದ್ದರೆ ಹುಡುಕಿಕೊಂಡು ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಬಾಗಿಲ ಬಳಿ ಕೈಬಳೆಗಳ ಸದ್ದು. ಜೀವ ಬಂದಂತಾಯಿತು. "ಬನ್ನಿ! ಒಳಗೆ ಬನ್ನಿ!" ಎಂದು ಕಿರುಚಿದೆ. ಗಂಟಲು ಒಡೆದು ಹೋಗಿತ್ತು, ಕೊನೆಗೆ ಬನ್ನಿ ಒಂದೇ ಹೊರಡುತ್ತಿತ್ತು. ಹೊರಗೆ ಪಿಸುಮಾತು. ಅವರೆಲ್ಲ ಓಡಿದ್ದು ಕೇಳಿಸಿತು. ಸಹಾಯಕ್ಕೆ ಜನ ಕರೆಯಲು ಓಡಿದರು ಎಂದೇ ನಂಬಿದೆ. ಸ್ವಲ್ಪ ಹೊತ್ತಿಗೆ ತುಂಬ ಕಾಲುಗಳು ಬಂದವು. ಈಗ ಬಾಗಿಲು ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಎಂದು ಕಾದೆ. ಅವರು ಹಾಡಿದರು. ಹಾಡಿ, ಏನೋ ಇಟ್ಟು, ಹೊರಟುಹೋದರು.

ಆ ಹಾಡು ಮುಗಿದು ಓಣಿ ಸ್ತಬ್ಧವಾದದ್ದು ಇದೆಯಲ್ಲ, ಅದು ಮುರಿದ ಎಲುಬಿಗಿಂತ ಹೆಚ್ಚು ನೋಯಿಸಿತು. ನನಗೆ ಹುಚ್ಚು ಹಿಡಿಯಿತು ಎಂದುಕೊಂಡೆ.

ಇರಲಿ. ಒಂದು ಸಣ್ಣ ವಿಷಯ ತಲೆಯಲ್ಲಿ ಸುತ್ತುತ್ತಿದೆ. ನಿನ್ನ ಇಪ್ಪತ್ತಾರರ ಕಾಗದವನ್ನು ನೀಲಕಂಠ ಸರ್ ಇಲ್ಲಿಗೆ ಕಳಿಸಿದರು. ಅದರಲ್ಲಿ "ಬೇವು ತೆಗೆದುಹಾಕು" ಎಂದು ಬರೆದಿದ್ದೀಯ. ನಾನು ಬಿದ್ದದ್ದು ನಿನಗೆ ಗೊತ್ತಾದದ್ದು ಇಪ್ಪತ್ತೇಳಕ್ಕೆ. ಹಾಗಾದರೆ ಇಪ್ಪತ್ತಾರಕ್ಕೇ ಹಾಗೆ ಯಾಕೆ ಬರೆದೆ?

ಅಕ್ಕ ಇದನ್ನು ಓದಿ ಏನೇನೋ ಹೇಳುತ್ತಿದ್ದಾಳೆ. ನಾನು ನಂಬಲಿಲ್ಲ. ನೀನೇ ಹೇಳು.

ಸೆವ್ರಿನ್

*

ಯಾದಗಿರಿ
20 ಜನವರಿ 2025

ಸೆವ್ರಿನ್,

ನಿನ್ನ ಅಕ್ಕ ಹೇಳಿದ್ದು ಏನೇ ಇರಲಿ, ಅದು ನಿಜ.

ಬೇವು ಕಟ್ಟಿದರೆ ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೇ ಆ ಕಾರ್ಡು ಬರೆದೆ. ಮರೆತು ಬರೆದದ್ದಲ್ಲ, ಅವಸರದಲ್ಲಿ ಬರೆದದ್ದಲ್ಲ. ಬರೆದು ನಕ್ಕೆ. ಮೆಣಸಿನಕಾಯಿ ಸೇರಿಸಿದ್ದು, ನಿನಗೆ ಅದು ಬರೀ ಅಲಂಕಾರ ಎನಿಸಲಿ ಎಂದು. ಅದನ್ನು ಪೋಸ್ಟ್ ಡಬ್ಬಿಗೆ ಹಾಕಿ ಬಂದು ಆ ದಿನ ಹೊಟ್ಟೆ ತುಂಬ ಉಂಡೆ.

ಇಲ್ಲಿ ಮನೆ ತುಂಬ ಜನ. ನಾನು ಶಾಲೆಯಿಂದ ಬಂದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಊಟಕ್ಕೆ ನನ್ನನ್ನು ಕರೆಯುವುದಿಲ್ಲ, ತಾಟು ಕೋಣೆಗೆ ಬರುತ್ತದೆ. ಅವ್ವನ ಬಾಯಿಗೆ ಗಂಜಿ ಹಾಕಿ, ಆಮೇಲೆ ಗೋಡೆ ನೋಡಿಕೊಂಡು ಉಣ್ಣುತ್ತೇನೆ. ಹುಣಸಗಿಯಲ್ಲಿ ಬುದ್ಧಿ ಬಂದ ಮೇಲೆ ಮೊದಲ ಸಲ ನನ್ನದೆನ್ನುವ ಮನೆ ಇತ್ತು. ನಿನ್ನ ಒಂದು ಮಾತಿಗೆ ಅದು ಹೋಯಿತು. ನಿನ್ನ ಕಾಗದದಲ್ಲಿ ಓಣಿ, ಹೋಳಿಗೆ, ಹಬ್ಬ ಎಲ್ಲ ಓದುತ್ತ ಹೊಟ್ಟೆಗೆ ಬೆಂಕಿ ಬಿದ್ದಿತು. ಒಂದೇ ಒಂದು ಸಂಜೆ ಇವಳೂ ತಾಟು ಇಟ್ಟುಕೊಂಡು ಒಬ್ಬಳೇ ಕೂಡಲಿ ಎಂದು ಬಯಸಿದೆ. ಇಷ್ಟೇ ಬಯಸಿದ್ದು. ನೀನು ಬೀಳಲಿ ಎಂದು ಬಯಸಲಿಲ್ಲ. ಆದರೆ ಅದನ್ನು ಹೇಳುವ ಬಾಯಿ ನನಗೆ ಎಲ್ಲಿದೆ?

ಇಪ್ಪತ್ತೈದಕ್ಕೆ ಫೋನು ಹಚ್ಚಿದ್ದು ಹಬ್ಬದ ಮಾತಿಗಲ್ಲ. ಬೆಳಿಗ್ಗೆ ಎದ್ದಾಗಿನಿಂದ ಆ ತಾಟು ಕಣ್ಣಿಗೆ ಕಟ್ಟುತ್ತಿತ್ತು. ಬೇವು ತೆಗೆ, ನಾನು ಕೆಟ್ಟದ್ದು ಮಾಡಿದೆ ಎಂದು ಹೇಳಲು ಹಚ್ಚಿದೆ. ನೀನು ಎತ್ತದಿದ್ದಾಗ ಒಳ್ಳೆಯದೇ ಆಯಿತು ಎನಿಸಿತು. ನನ್ನ ಬಾಯಿಂದ ಅದನ್ನು ಹೇಳುವುದು ತಪ್ಪಿತಲ್ಲ! ನೀಲಕಂಠ ಸರ್‌ಗೆ ಒಂದು ಫೋನು, ಮಲಕಮ್ಮನ ಮನೆಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. "ಅದು ಅಮ್ಮನ ಬೇವಲ್ಲ, ಕ್ರಿಸ್‌ಮಸ್‌ನ ಬೇವು" ಎಂದು ಹೇಳಿದ್ದರೆ ಸಾಕಿತ್ತು. ನಾನು ಕೂತು ನಿನ್ನ ಸೊಕ್ಕಿನ ಬಗ್ಗೆ ಕಾಗದ ಬರೆದೆ. ನೀನು ಆಗ ನೆಲದ ಮೇಲಿದ್ದೆ.

ಹುಣಸಗಿಯಲ್ಲಿ ಎಲ್ಲರೂ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ. ಮಲಕಮ್ಮ ನನ್ನ ಕೈ ಹಿಡಿದು "ನಾವ್ ಕೊಂದ ಬಿಡತಿದ್ವಿರಿ ಟೀಚರನ್ನ" ಎಂದು ಅತ್ತಳು. ನಾನು ಆಕೆಗೆ ಸಮಾಧಾನ ಹೇಳಿದೆ! ಕೊಂದವರು ನೀವಲ್ಲ, ನಾನು ಎಂದು ಬಾಯಿ ತೆರೆಯಲಿಲ್ಲ. ನಾನು ಇಂಥವಳು ಎಂದು ನನಗೇ ಗೊತ್ತಿರಲಿಲ್ಲ.

ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ನಿನ್ನ ಅಕ್ಕನಿಗೆ ಇದನ್ನು ಓದಿಸು. ನೀಲಕಂಠ ಸರ್‌ಗೂ ಕಳಿಸು ಬೇಕಾದರೆ.

ಗುರುದೇವಿ

*

ಉದ್ಯಾವರ
3 ಫೆಬ್ರವರಿ 2025

ಗುರುದೇವಿ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಓದಿ, ಮಡಚಿ, ತಲೆದಿಂಬಿನ ಕೆಳಗೆ ಇಟ್ಟೆ. ಮತ್ತೆ ಓದಿದೆ. ಅದೇ ಅಕ್ಷರ, 'ಳ'ದ ಬಾಲವನ್ನು ಉದ್ದ ಎಳೆಯುವ ಅದೇ ಕೈ. ಬೇರೆ ಯಾರೋ ಬರೆದದ್ದು ಎಂದುಕೊಳ್ಳಲು ಎಷ್ಟು ಪ್ರಯತ್ನ ಮಾಡಿದೆ ಗೊತ್ತಾ? ಆಗಲಿಲ್ಲ. ಅಕ್ಕನಿಗೆ ಓದಿಸಲಿಲ್ಲ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

ನಿನಗೆ ಹೇಳದ ಒಂದು ಮಾತುಂಟು. ನಿನ್ನನ್ನು ಚುಚ್ಚಲು ಹೇಳುತ್ತಿಲ್ಲ. ಹೇಳದಿದ್ದರೆ ನನ್ನೊಳಗೆ ಕೊಳೆಯುತ್ತದೆ.

ಬೇವಿನ ಅರ್ಥ ನನಗೆ ಗೊತ್ತಿತ್ತು. ಇಪ್ಪತ್ತೆರಡರ ಸಂಜೆ ಸಿಂಬಿ ತೂಗುಹಾಕಿ ನಾನು ಕುರ್ಚಿಯಿಂದ ಇಳಿಯುವ ಮೊದಲೇ ಮಲಕಮ್ಮ ಓಡಿ ಬಂದಳು. "ಅಯ್ಯ ಟೀಚರ, ತಗೀರಿ ಮೊದಲ! ಬಾಗಲಿಗೆ ಬೇವು ಕಟ್ಟಿದ್ರ ಅಮ್ಮನ್ನ ಕರದಂಗ್ರೀ. ಸುಮ್ಮ ಸುಮ್ಮನ ಕರದ್ರೂ ಬಂದ ಬಿಡತಾಳ ಅಕಿ. ಮಂದಿನೂ ಬರಂಗಿಲ್ಲ" ಅಂದಳು. ಆಕೆಯ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. ನಾನು ನಕ್ಕೆ. ಒಳಗೆ ಹೋಗಿ ನಿನ್ನ ಕಾರ್ಡು ತಂದು ಅವಳ ಮುಂದೆ ಹಿಡಿದೆ. "ನೋಡು, ಇದು ಗುರುದೇವಿ ಟೀಚರ್ ಬರೆದದ್ದು. ಅವಳು ಇದೇ ಮಣ್ಣಿನವಳು. ನನಗೆ ಕೆಟ್ಟದಾಗುವುದನ್ನು ಅವಳು ಬರೆಯುವುದಿಲ್ಲ" ಅಂದೆ.

ಮಲಕಮ್ಮನಿಗೆ ಓದಲು ಬರುವುದಿಲ್ಲ. ಆದರೂ ಕಾರ್ಡನ್ನು ಬಹಳ ಹೊತ್ತು ನೋಡಿ, "ಗುರುದೇವಕ್ಕಾರು ಬರದಾರಂದ್ರ ನಾ ಏನ್ ಹೇಳ್ಲಿ ಬಿಡ್ರಿ" ಎಂದು ಹೋದಳು. ಹೆದರಿ ಇಪ್ಪತ್ತನಾಲ್ಕಕ್ಕೆ ಅವಳೂ ಬರಲಿಲ್ಲ. ಮರುದಿನ ನಾನು ಹೊರಗೆ ಕಾಣದಿದ್ದಾಗ, ಕರೆದದ್ದಕ್ಕೆ ಅಮ್ಮ ಬಂದೇಬಿಟ್ಟಳು ಎಂದು ಅವಳು ನಂಬಿದಳು. ಅವಳನ್ನು ಯಾವ ಬಾಯಿಂದ ಬೈಯಲಿ? ಅವಳು ಹೇಳಿದ್ದೆಲ್ಲ ಸರಿಯಿತ್ತು. ಇಪ್ಪತ್ತನಾಲ್ಕರ ಸಂಜೆ ಯಾರೂ ಬಾರದಿದ್ದಾಗಲೂ ನನಗೆ ಬೇವಿನ ನೆನಪು ಬಂತು. ಬಂದದ್ದನ್ನು ತಳ್ಳಿಹಾಕಿದೆ. ಓಣಿಯವರು ಜಾತಿ ನೋಡಿದರು ಎಂದು ಅವರ ಮೇಲೆ ಅನುಮಾನ ಪಟ್ಟೆ. ನಿನ್ನ ಮೇಲೆ ಮಾತ್ರ ಪಡಲಿಲ್ಲ.

ಇದು ನನಗೆ ಎದೆಗೆ ಒದ್ದಂತಾಗಿದೆ. ಬಿದ್ದದ್ದಲ್ಲ, ಗಿಡ್ಡವಾದ ಕಾಲಲ್ಲ.

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಕ್ಷಮಿಸುವುದೇ ಇಲ್ಲ ಎಂದರೆ ಅದೂ ಸುಳ್ಳು. ಪಾದ್ರಿಗಳು ಬಂದು ಕ್ಷಮೆಯ ಮೇಲೆ ತುಂಬ ಹೊತ್ತು ಹೇಳಿ ಹೋದರು. ಅವರಿಗೇನು ಗೊತ್ತು, ಅವರು ನಿನ್ನ ಜೊತೆ ನಾಲ್ಕು ವರ್ಷ ಒಂದೇ ಒಲೆಯಲ್ಲಿ ರೊಟ್ಟಿ ಬೇಯಿಸಿಲ್ಲ.

ನೀನು ಇನ್ನು ಕಾಗದ ಬರೆಯಬೇಡ. ಕಾಗದದಲ್ಲಿ ಸುಳ್ಳನ್ನೂ ಚೆನ್ನಾಗಿ ಬರೆಯುತ್ತೀ, ನಿಜವನ್ನೂ ಚೆನ್ನಾಗಿ ಬರೆಯುತ್ತೀ. ಮೊದಲು ಹುಣಸಗಿಗೆ ಹೋಗಿ ಮಲಕಮ್ಮನಿಗೆ ನಿಜ ಹೇಳು, ಅವಳು ಅಳುತ್ತ ಕೂತಿರುವುದು ನನಗೆ ಇಷ್ಟವಿಲ್ಲ. ಆಮೇಲೆ ಇಲ್ಲಿಗೆ ಬಾ. ನನ್ನ ಮಂಚದ ಪಕ್ಕ ಕೂತು, ನನಗೆ ಬರೆದದ್ದನ್ನು ಬಾಯಿಂದ ಹೇಳು. ನಾನು ಬೈಯುತ್ತೇನೋ, ಅಳುತ್ತೇನೋ, ಗೋಡೆಗೆ ತಿರುಗಿ ಮಲಗುತ್ತೇನೋ, ನನಗೇ ಗೊತ್ತಿಲ್ಲ.

ಅಕ್ಕ ನಿನಗೆ ಬಾಗಿಲು ತೆಗೆಯಲಿಕ್ಕಿಲ್ಲ. ಎದ್ದು ಬಂದು ತೆಗೆಯಲು ನನಗೆ ಕಾಲಿಲ್ಲ. ಒಳಗಿನಿಂದ ಕೂಗುತ್ತೇನೆ. ನೀನಾದರೂ ಕೇಳಿಸಿಕೊಂಡು ಒಳಗೆ ಬಾ.

ಸೆವ್ರಿನ್